ಅಪ್ಪನ ಲೆಕ್ಕ, ಅಮ್ಮನ ಲೆಕ್ಕ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಎಷ್ಟೋ ಮನೆಗಳಲ್ಲಿ ಮದುವೆ ಮಾತುಕತೆಗೆ ಕೂತರೆ ಜಾತಕಕ್ಕೂ ಮೊದಲು ಬರುವ ಪ್ರಶ್ನೆ ‘ಬರಿ ಯಾವುದು?’ ಬರಿ ಎಂಬ ಕುಲದ ಗುರುತು ಬರುವುದು ತಾಯಿಯಿಂದ. ತಾಯಿ ಯಾರೆಂದು ತಿಳಿದರೆ ಮಗು ಯಾರ ಪೈಕಿ ಎಂಬುದು ತೀರ್ಮಾನವಾದಂತೆ. ಈ ಲೆಕ್ಕದಲ್ಲಿ ಬೆಳೆದವರಿಗೆ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿಯ ಸಂಸಾರದ ಕತೆ ಸ್ವಲ್ಪ ಬೇರೆಯಾಗಿಯೇ ಕಾಣುತ್ತದೆ.

ಈತ ಟುನೀಸಿಯಾದ ಮಹ್ದಿಯಾ ಊರಿನವ. ಏಡನ್ ದಾಟಿ ಮಂಗಳೂರಿಗೆ ಬಂದು, 1132ರಿಂದ 1149ರವರೆಗೆ ಹೆಚ್ಚುಕಡಿಮೆ ಇಲ್ಲೇ ಬಿಡಾರ ಹೂಡಿದ. ಆಗ ತುಳುನಾಡಿನಲ್ಲಿ ಆಳುಪರ ಆಳ್ವಿಕೆ. ದೇವರ ಹೆಸರಿರುವ ಕಾಗದವನ್ನು ಸುಡಬಾರದೆಂಬ ಯಹೂದಿಗಳ ನಂಬಿಕೆಯಿಂದಾಗಿ ಅವನ ಪತ್ರಗಳು ಕೈರೋದ ಬೆನ್ ಎಜ್ರಾ ಪ್ರಾರ್ಥನಾಲಯದ ಉಗ್ರಾಣದಲ್ಲಿ ಉಳಿದುಕೊಂಡವು. ವಿದ್ವಾಂಸ ಗೊಯ್ಟೈನ್ ಅವನ್ನು ಓದಿದರು. ಲೇಖಕ ಅಮಿತಾವ್ ಘೋಷ್ 1992ರಲ್ಲಿ ಇವುಗಳ ಮೇಲೆ ಪುಸ್ತಕವನ್ನೇ ಬರೆದರು.

ಬೆನ್ ಯಿಜುವಿನ ಮಂಗಳೂರಿನ ಮನೆಯೋ, ವಿಚಿತ್ರವಾದದ್ದು. ಕರಿಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣ ಏಡನ್‌ಗೆ ಹೋಗುತ್ತಿತ್ತು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ ಬರುತ್ತಿತ್ತು. ಜೊತೆಗೊಂದು ಕಂಚಿನ ಕಾರ್ಖಾನೆ. ಏಡನ್ನಿನ ಗೆಳೆಯರು ಒಡೆದ ಪಾತ್ರೆ ಕಳಿಸಿ, ಕರಗಿಸಿ ಹೊಸದು ಮಾಡಿಕೊಡು ಎನ್ನುತ್ತಿದ್ದರು. ಯಜಮಾನ ಹಳೆಯ ಪತ್ರಗಳ ಖಾಲಿ ಜಾಗದಲ್ಲಿ ಪದ್ಯ ಗೀಚುತ್ತಿದ್ದ. ಅವನ ಆಳು ಬೊಮ್ಮ ಸರಕಿನ ಜೊತೆ ಏಡನ್‌ಗೆ ಹೋಗಿ ಬರುತ್ತಿದ್ದ. ಏಡನ್ನಿನ ವ್ಯಾಪಾರಿಗಳು ಪತ್ರದಲ್ಲಿ ಅವನಿಗೂ ಸಲಾಂ ಹೇಳುತ್ತಿದ್ದರು. ಬೊಮ್ಮ ಎಂಬ ಹೆಸರನ್ನು ತುಳುನಾಡಿನ ಬೆರ್ಮೆರ್ ದೈವದ ಜೊತೆ ಸೇರಿಸಿ ನೋಡಬಹುದೆಂದು ಘೋಷ್ ಅವರಿಗೆ ದಾರಿ ತೋರಿಸಿದವರು ಬಂಟ್ವಾಳ ತಾಲೂಕಿನ ಪುಣಚದ ಪ್ರೊ. ಬಿ. ಎ. ವಿವೇಕ ರೈ. ಗರೋಡಿಗಳಲ್ಲಿ ಬೆರ್ಮೆರ ಗುಂಡಕ್ಕೆ ಇವತ್ತಿಗೂ ಕೈಮುಗಿಯುವ ಬೆಳ್ತಂಗಡಿಯವರಿಗೆ ಬೊಮ್ಮ ಪಕ್ಕದ ಮನೆಯವನಂತೆ ಕಂಡರೆ ಆಶ್ಚರ್ಯವಿಲ್ಲ.

1132ರ ಅಕ್ಟೋಬರ್ 17ರಂದು ಬೆನ್ ಯಿಜು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಪತ್ರ ಬರೆದ. ಅವನ ಮಕ್ಕಳ ತಾಯಿ ಅವಳೇ ಎಂಬುದು ವಿದ್ವಾಂಸರ ಅಭಿಪ್ರಾಯ. ಲೆಕ್ಕಪತ್ರದಲ್ಲಿ ಭಾವಮೈದುನನೆಂದು ನಾಯರ್ ಒಬ್ಬ ಕಾಣಿಸುವುದರಿಂದ, ಆಕೆ ನಾಯರ್ ಕುಟುಂಬದವಳಿರಬೇಕೆಂದು ಘೋಷ್ ಊಹಿಸುತ್ತಾರೆ. ಯಹೂದಿಗಳಲ್ಲೂ ಮಗುವಿನ ಗುರುತು ತಾಯಿಯದೇ. ಇಲ್ಲೇ ಇರುವುದು ಚೋದ್ಯ. ನಾಯರರಲ್ಲೂ ಮಗು ತಾಯಿಯ ಪೈಕಿ, ಯಹೂದಿಗಳಲ್ಲೂ ತಾಯಿಯ ಪೈಕಿ. ಆದರೆ ಒಂದೇ ಹೆಂಗಸು ಎರಡು ಕಡೆಗೂ ಸಲ್ಲಲಾರಳು. ಮಕ್ಕಳು ತನ್ನವರಾಗಬೇಕೆಂದರೆ ಅವನು ಮೊದಲು ಅವರ ತಾಯಿಯನ್ನು ತನ್ನ ಮತಕ್ಕೆ ತರಬೇಕಾಯಿತು. ಇಷ್ಟಾದರೂ ಏಡನ್‌ನಲ್ಲಿ ಜನ ಸುಮ್ಮನಿರಲಿಲ್ಲ. ದಾಸಿಯ ಮಕ್ಕಳಿಗೆ ಧರ್ಮಶಾಸ್ತ್ರದಲ್ಲಿ ಸ್ಥಾನವೇನು ಎಂಬ ಪ್ರಶ್ನೋತ್ತರದ ಕರಡುಗಳು ಅವನ ಕೈಬರಹದಲ್ಲೇ ಸಿಕ್ಕಿವೆ. ಕಾಸಿನ ಲೆಕ್ಕದಲ್ಲಿ ಪಳಗಿದವನು ಈ ಲೆಕ್ಕದಲ್ಲಿ ಎಷ್ಟು ತಡಕಾಡಿದನೋ ಎಂದು ನನಗೆ ಮರುಕವಾಗುತ್ತದೆ.

1149ರಲ್ಲಿ ಮಗ ಸುರೂರ್, ಮಗಳು ಸಿತ್ ಅಲ್-ದಾರ್ ಇಬ್ಬರನ್ನೂ ಕರೆದುಕೊಂಡು ಏಡನ್‌ಗೆ ಹೋದ. ಆ ಪ್ರಯಾಣದ ಪತ್ರಗಳಲ್ಲಿ ಆಶುವಿನ ಸುದ್ದಿಯಿಲ್ಲ. ಮಗ ಅಲ್ಲೇ ತೀರಿಕೊಂಡ. ಉಳಿದವಳು ಮಗಳು. ಏಡನ್ನಿನ ವ್ಯಾಪಾರಿಯೊಬ್ಬ ಅವಳನ್ನು ತನ್ನ ಮಗನಿಗೆ ಕೇಳಿದ. ಒಳ್ಳೆಯ ಮನೆತನ, ಕೈತುಂಬ ಹಣ. ಅಪ್ಪ ಒಪ್ಪಲಿಲ್ಲ. ಮಹ್ದಿಯಾದ ಮೇಲೆ ನಾರ್ಮನ್ನರ ದಾಳಿಯಾದ ನಂತರ ಸಿಸಿಲಿ ಸೇರಿದ್ದ ತಮ್ಮ ಯೂಸುಫನ ಮಗನಿಗೇ ಅವಳನ್ನು ಕೊಡುವುದೆಂದು ಹಟ ಹಿಡಿದ. 1156ರಲ್ಲಿ ಕೈರೋದ ಫುಸ್ತಾತ್‌ನಲ್ಲಿ ಮದುವೆಯಾಯಿತು. ವರನ ಹೆಸರೂ ಸುರೂರ್, ತೀರಿಕೊಂಡ ಅಣ್ಣನ ಹೆಸರೇ.

ಅಪ್ಪನ ಕಡೆಯವರಿಗೆ ಇದಕ್ಕಿಂತ ಒಳ್ಳೆಯ ಸಂಬಂಧ ಇನ್ನಿಲ್ಲ. ಆದರೆ ಅವಳು ಹುಟ್ಟಿ ಬೆಳೆದ ಸೀಮೆಯಲ್ಲಿ ಸೋದರಮಾವನ ಮಗನನ್ನು ಕಟ್ಟಿಕೊಳ್ಳಬಹುದು, ಚಿಕ್ಕಪ್ಪನ ಮಗ ಮಾತ್ರ ಒಡಹುಟ್ಟಿದವನಿಗೆ ಸಮಾನ. ಮಂಗಳೂರಿನಲ್ಲೇ ಉಳಿದಿದ್ದರೆ ಆ ವರನಿಗೆ ಅವಳು ಅಣ್ಣ ಎನ್ನುತ್ತಿದ್ದಳು. ಈ ಮದುವೆಯ ಸುದ್ದಿ ತಾಯಿಯ ಕಡೆಯವರಿಗೆ ಮುಟ್ಟಿದ್ದರೆ ಅವರು ಕಿವಿ ಮುಚ್ಚಿಕೊಳ್ಳುತ್ತಿದ್ದರು.