ಉದರಶಸ್ತ್ರಕ್ರಿಯೆಯೂ ನಮ್ಮ ಭ್ರಾಂತಿಗಳೂ

ಪಾಠಶಾಲೆಯಲ್ಲಿ ವೇದಾಂತದ ಮೊದಲ ಪಾಠಗಳನ್ನು ಓದಿದವರೆಲ್ಲರಿಗೂ ಎರಡು ದೃಷ್ಟಾಂತಗಳು ಜ್ಞಾಪಕದಲ್ಲಿರುತ್ತವೆ. ಮಬ್ಬುಗತ್ತಲೆಯಲ್ಲಿ ಬಿದ್ದಿರುವ ಹಗ್ಗವನ್ನು ಕಂಡು ಹಾವೆಂದು ಬೆದರುವುದು ಒಂದು. ದೂರದಲ್ಲಿ ಹೊಳೆಯುವ ಕಪ್ಪೆಚಿಪ್ಪನ್ನು ಕಂಡು ಬೆಳ್ಳಿಯೆಂದು ಓಡುವುದು ಇನ್ನೊಂದು. ಎರಡೂ ಭ್ರಾಂತಿಯೇ ಸರಿ. ಆದರೆ ಮೊದಲನೆಯದರಿಂದ ಹುಟ್ಟುವುದು ಭಯ. ಎರಡನೆಯದರಿಂದ ಹುಟ್ಟುವುದು ಆಸೆ. ಗುರುಗಳು ಈ ಭೇದವನ್ನು ವಿವರಿಸಿದಾಗ ಪರೀಕ್ಷೆಗೆ ಬೇಕಾಗುವ ವಿಷಯವೆಂದು ಮಾತ್ರ ಬಾಯಿಪಾಠಮಾಡಿದೆನು. ಅರವತ್ತು ದಾಟಿದ ಮೇಲೆ, ಮನೆಯ ಹೆಣ್ಣುಮಗಳೊಬ್ಬಳ ದೇಹದ ವಿಷಯದಲ್ಲಿ ಅದು ಉಪಯೋಗಕ್ಕೆ ಬರುವುದೆಂದು ಎಣಿಸಿರಲಿಲ್ಲ.

ಸಂಗತಿ ಇದು. ಕಳಸದ ಕಡೆಯ ತೋಟದ ಮನೆಯೊಂದಕ್ಕೆ ಕೊಟ್ಟಿರುವ ನನ್ನ ತಂಗಿಯ ಮಗಳು ಅವಳಿ ಮಕ್ಕಳ ತಾಯಿ. ಹೆರಿಗೆಯಾಗಿ ಮೂರು ವರ್ಷ ಕಳೆದರೂ ಅವಳ ಹೊಟ್ಟೆ ಮೊದಲಿನಂತಾಗಲಿಲ್ಲ. ಕೆಳಹೊಟ್ಟೆಯ ಚರ್ಮವು ಮಡಿಕೆಯಾಗಿ ಜೋಲುತ್ತಿತ್ತು. ನಮ್ಮ ಮಲೆನಾಡಿನ ಮಳೆಗಾಲದುದ್ದಕ್ಕೂ ಆ ಮಡಿಕೆಯ ಅಡಿಯಲ್ಲಿ ತೇವ ನಿಂತು ಹುಣ್ಣಾಗುತ್ತಿತ್ತು. ಸೊಂಟನೋವಂತೂ ಬಿಟ್ಟದ್ದೇ ಇಲ್ಲ. ಮದುವೆ ಮುಂಜಿಗಳಲ್ಲಿ ಸಿಕ್ಕಿದವರು “ಮತ್ತೆ ಎಷ್ಟು ತಿಂಗಳು?” ಎಂದು ಕೇಳುವರು. ಒಂದು ದಿನ ಅವಳು ನನ್ನಲ್ಲಿಗೆ ಬಂದು, ಹೊಟ್ಟೆಯನ್ನು ತಿದ್ದುವ ಶಸ್ತ್ರಕ್ರಿಯೆಯನ್ನು ಮಾಡಿಸಿಕೊಳ್ಳಬಹುದೆ, ಹಾಗೆ ಮಾಡಿಸಿಕೊಳ್ಳುವುದು ತಪ್ಪೆ ಎಂದು ಕೇಳಿದಳು. ಜನರು ಅದನ್ನು ಟಮ್ಮಿ ಟಕ್ ಎನ್ನುತ್ತಾರೆ. ವೈದ್ಯರು ಇಟ್ಟ ಹೆಸರು ಅಬ್ಡೊಮಿನೋಪ್ಲಾಸ್ಟಿ. ನಾನು ಕೂಡಲೆ ದೇಹದ ನಶ್ವರತೆಯನ್ನು ಕುರಿತು ಅರ್ಧ ಗಂಟೆ ಉಪದೇಶಮಾಡಿದೆನು. ಅವಳು ಮರುಮಾತಾಡದೆ ಕಾಫಿಯ ಲೋಟಗಳನ್ನೆತ್ತಿಕೊಂಡು ಒಳಕ್ಕೆ ಹೋದಳು.

ಆ ಮೌನವು ನನ್ನನ್ನು ಬಹುವಾಗಿ ಕಾಡಿತು. ವಿಷಯವನ್ನು ಸ್ವಲ್ಪವೂ ತಿಳಿಯದೆ ಉತ್ತರ ಹೇಳಿದ್ದೆನು. ವಿದ್ಯಾರ್ಥಿಯೊಬ್ಬನು ಹೀಗೆ ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆನು. ಕೆಲವು ದಿನಗಳಾದ ಮೇಲೆ ಅವಳ ಜತೆಯಲ್ಲಿ ನಾನೂ ಶಸ್ತ್ರವೈದ್ಯರ ಬಳಿಗೆ ಹೋಗಿ ಕುಳಿತು ಕೇಳಿದೆನು. ಮನೆಗೆ ಬಂದು ಓದಿದೆನು. ತಿಳಿದುದನ್ನು ವಾಚಕರ ಮುಂದೆ ಇಡುತ್ತೇನೆ.

ಮೊದಲು ಕ್ರಿಯೆಯ ಸ್ವರೂಪ. ರೋಗಿಗೆ ಪೂರ್ಣವಾಗಿ ಅರಿವಳಿಕೆ ಕೊಟ್ಟು, ಕೆಳಹೊಟ್ಟೆಯ ಅಂಚಿನಲ್ಲಿ ಸೊಂಟದ ಒಂದು ಪಕ್ಕದಿಂದ ಇನ್ನೊಂದು ಪಕ್ಕದವರೆಗೆ ಅಡ್ಡಲಾಗಿ ಕೊಯ್ಯುತ್ತಾರೆ. ಚರ್ಮವನ್ನೂ ಅದರಡಿಯ ಕೊಬ್ಬನ್ನೂ ಬಿಡಿಸಿ ಮೇಲಕ್ಕೆತ್ತುತ್ತಾರೆ. ಹೊಟ್ಟೆಯ ನಡುವೆ ಎರಡು ಪಟ್ಟಿಗಳಂತೆ ಮೇಲಿನಿಂದ ಕೆಳಕ್ಕಿಳಿದಿರುವ ಸ್ನಾಯುಗಳುಂಟು. ಗರ್ಭವು ಬೆಳೆಯುವಾಗ ಇವುಗಳ ನಡುವಣ ತೆಳುವಾದ ಬಂಧವು ಹಿಗ್ಗಿ, ಪಟ್ಟಿಗಳು ಒಂದರಿಂದೊಂದು ದೂರ ಸರಿಯುತ್ತವೆ. ಹಲವರಲ್ಲಿ ಹೆರಿಗೆಯಾದ ಮೇಲೆ ಅವು ಮತ್ತೆ ಹತ್ತಿರವಾಗುತ್ತವೆ, ಕೆಲವರಲ್ಲಿ ಆಗುವುದಿಲ್ಲ. ಹಾಗೆ ಅಗಲಿದವುಗಳನ್ನು ನಡುವೆ ಸೇರಿಸಿ ಹೊಲಿದು, ಮಿಕ್ಕ ಚರ್ಮವನ್ನು ಕತ್ತರಿಸಿ ತೆಗೆದು, ಹೊಕ್ಕುಳಿಗೆ ಹೊಸದಾಗಿ ದಾರಿಮಾಡಿ ಗಾಯವನ್ನು ಮುಚ್ಚುತ್ತಾರೆ. ಜೋಲುವ ಹೊಟ್ಟೆಯ ಚರ್ಮವನ್ನೂ ಕೊಬ್ಬನ್ನೂ ಅಮೆರಿಕದ ಬಾಲ್ಟಿಮೋರಿನಲ್ಲಿ ಹೊವರ್ಡ್ ಕೆಲ್ಲಿ ಎಂಬ ವೈದ್ಯರು ಕತ್ತರಿಸಿ ತೆಗೆದುದು 1899ರಲ್ಲಿ. ಆದಕಾರಣ ಇದು ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆಯಲ್ಲ.

ಇನ್ನು ಚಿಪ್ಪಿನ ಬೆಳ್ಳಿಯನ್ನು ನೋಡೋಣ. ಈ ಕ್ರಿಯೆಯಿಂದ ಮೈತೂಕವಿಳಿಯುವುದೆಂದು ಅನೇಕರು ನಂಬಿದ್ದಾರೆ. ಅದು ಹುಸಿ. ತೆಗೆಯುವುದು ಹೊರಗಿನ ಚರ್ಮ ಮತ್ತು ಅದಕ್ಕೆ ಅಂಟಿದ ಕೊಬ್ಬು. ಕರುಳು ಯಕೃತ್ತುಗಳ ಸುತ್ತ ಒಳಗೆ ಸೇರಿರುವ ಕೊಬ್ಬು, ಸಕ್ಕರೆ ಕಾಯಿಲೆಗೂ ಹೃದಯದ ವ್ಯಾಧಿಗೂ ಹೆಚ್ಚಾಗಿ ದಾರಿಮಾಡತಕ್ಕದ್ದು, ಇದ್ದಲ್ಲಿಯೇ ಇರುತ್ತದೆ. 2004ರಲ್ಲಿ ಅಮೆರಿಕದ ವೈದ್ಯರು ಹದಿನೈದು ಮಂದಿ ಸ್ಥೂಲಕಾಯದ ಸ್ತ್ರೀಯರ ಹೊಟ್ಟೆಯ ಚರ್ಮದಡಿಯ ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆದು ಪರೀಕ್ಷಿಸಿದರು. ಸೇರುಗಟ್ಟಲೆ ಕೊಬ್ಬು ಹೋದರೂ ಅವರ ದೇಹವು ಸಕ್ಕರೆಯನ್ನು ನಿರ್ವಹಿಸುವ ಶಕ್ತಿ ಉತ್ತಮವಾಗಲಿಲ್ಲ. ಆದುದರಿಂದಲೇ ಒಳ್ಳೆಯ ವೈದ್ಯರು, ತೂಕವನ್ನು ಮೊದಲು ಇಳಿಸಿಕೊಂಡು, ಆರು ತಿಂಗಳಾದರೂ ಅದು ಏರಿಳಿಯದೆ ನಿಂತ ಮೇಲೆ ಬನ್ನಿ ಎನ್ನುತ್ತಾರೆ. ಹೀಗೆ ಕೊಳವೆಯಿಂದ ಹೀರುವುದು ಬೇರೆ, ಚರ್ಮವನ್ನು ಕೊಯ್ದು ಸ್ನಾಯುವನ್ನು ಹೊಲಿಯುವುದು ಬೇರೆ. ಎರಡನ್ನೂ ಒಂದೆಂದು ತಿಳಿಯುವುದೂ ಸಾಮಾನ್ಯವಾದ ತಪ್ಪು.

ಗಾಯದ ಗುರುತೇ ಉಳಿಯುವುದಿಲ್ಲವೆಂಬುದು ಇನ್ನೊಂದು ನಂಬಿಕೆ. ಗುರುತು ಉಳಿಯುತ್ತದೆ, ಉದ್ದವಾಗಿಯೇ ಉಳಿಯುತ್ತದೆ; ವರ್ಷ ಕಳೆದಂತೆ ಮಸುಕಾಗುವುದಷ್ಟೆ. ಬಸಿರಿನ ಬಿಳಿಗೆರೆಗಳೆಲ್ಲ ಮಾಯವಾಗುವುದಿಲ್ಲ. ಕತ್ತರಿಸಿದ ಚರ್ಮದೊಡನೆ ಹೊಕ್ಕುಳ ಕೆಳಗಿನವು ಹೆಚ್ಚಾಗಿ ಹೋಗುತ್ತವೆ, ಮೇಲಿನವು ಉಳಿಯುತ್ತವೆ. ಸಿಸೇರಿಯನ್ ಹೆರಿಗೆಯ ಜತೆಯಲ್ಲಿಯೇ ಇದನ್ನೂ ಮುಗಿಸಿಬಿಡಬಹುದೆಂದು ಕೆಲವರು ಲೆಕ್ಕ ಹಾಕುತ್ತಾರೆ. ಆಗ ಚರ್ಮವೂ ಸ್ನಾಯುವೂ ಇನ್ನೂ ಹಿಗ್ಗಿರುತ್ತವೆ, ನಂಜಿನ ಭಯವೂ ಹೆಚ್ಚು. ಆದಕಾರಣ ವೈದ್ಯರು ತಿಂಗಳುಗಟ್ಟಲೆ ಕಾಯಹೇಳುತ್ತಾರೆ. ಮುಂದೆ ಮತ್ತೆ ಗರ್ಭ ನಿಲ್ಲುವುದಕ್ಕೆ ಇದರಿಂದ ಅಡ್ಡಿಯೇನೂ ಇಲ್ಲ. ಆದರೆ ಹೊಲಿದುದು ಮತ್ತೆ ಹಿಗ್ಗಬಹುದು. ಮಕ್ಕಳು ಸಾಕೆನಿಸಿದ ಮೇಲೆ ಮಾಡಿಸಿಕೊಳ್ಳುವುದು ಲೇಸೆಂಬುದು ಅದಕ್ಕಾಗಿಯೇ.

ಎಲ್ಲಕ್ಕಿಂತ ಕೆಟ್ಟ ಭ್ರಾಂತಿ, ಇದು ಸೌಂದರ್ಯದ ಮಾತಾದುದರಿಂದ ಅಪಾಯವಿಲ್ಲವೆಂಬುದು. ಕತ್ತಿಗೆ ಉದ್ದೇಶದ ಭೇದ ತಿಳಿಯದು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವು ಶ್ವಾಸಕೋಶಕ್ಕೇರಿ ಪ್ರಾಣ ತೆಗೆಯುವ ಸಂಭವವು, ರೂಪಕ್ಕಾಗಿ ಮಾಡುವ ಶಸ್ತ್ರಕ್ರಿಯೆಗಳಲ್ಲಿ ಇದಕ್ಕೆ ಹೆಚ್ಚೇ ಉಂಟು. ಧೂಮಪಾನಿಗಳಿಗೆ ಚರ್ಮಕ್ಕೆ ರಕ್ತ ಸಾಲದೆ ಗಾಯ ಕೊಳೆಯಬಹುದು. 2022ರ ಮೇ ತಿಂಗಳಲ್ಲಿ ಕೊಬ್ಬು ತೆಗೆಸಿಕೊಳ್ಳಲು ಬೆಂಗಳೂರಿನ ಆಸ್ಪತ್ರೆಗೆ ಸೇರಿದ ಕಿರುತೆರೆಯ ನಟಿಯೊಬ್ಬಳು ಇಪ್ಪತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡ ಸುದ್ದಿಯನ್ನು ವಾಚಕರು ಮರೆತಿರಲಾರರು. ಆ ದಿನ ಸುದ್ದಿಯನ್ನೋದಿ, “ಬೇಕಿತ್ತೇ ಇದೆಲ್ಲ?” ಎಂದವರಲ್ಲಿ ನಾನೂ ಒಬ್ಬನು. ಸತ್ತವಳನ್ನು ನಿಂದಿಸುವುದು ಬಹಳ ಸುಲಭವಾಗಿ ಬಂದಿತು. ಚಿಕಿತ್ಸೆ ಮಾಡುವವರು ಎಂ.ಸಿಎಚ್. ಮುಂತಾದ ಪದವಿ ಪಡೆದು ಈ ಶಸ್ತ್ರವಿದ್ಯೆಯನ್ನೇ ವಿಶೇಷವಾಗಿ ಕಲಿತವರೆ, ಅಪಾಯ ಬಂದರೆ ಕಾಪಾಡುವ ಸಾಧನಗಳು ಅಲ್ಲಿಯೇ ಉಂಟೆ ಎಂಬುದನ್ನು ಮೊದಲೇ ಕೇಳುವ ಅಭ್ಯಾಸವನ್ನು ನಮ್ಮ ಮಕ್ಕಳಿಗೆ ನಾವು ಕಲಿಸಿದ್ದೇವೆಯೆ ಎಂಬ ಪ್ರಶ್ನೆ ಮಾತ್ರ ನನಗೆ ಆಗ ಹೊಳೆಯಲಿಲ್ಲ.

ಈಗ ಹಗ್ಗದ ಹಾವು. ದೇವರು ಕೊಟ್ಟ ದೇಹವನ್ನು ತಿದ್ದುವುದು ಪಾಪವೆಂಬುದು ಪೂರ್ವಪಕ್ಷ. ಹಾಗೆನ್ನುವವರ ಮನೆಯಲ್ಲಿಯೂ ಮಗುವಿಗೆ ಕಿವಿ ಚುಚ್ಚಿಸುತ್ತಾರೆ. ಹರಿದ ಕಿವಿಯ ಹಾಲೆಯನ್ನು ಜೋಡಿಸುವ ಬಗೆಗಳನ್ನೂ ಕತ್ತರಿಸಿದ ಮೂಗನ್ನು ಕೆನ್ನೆಯ ಚರ್ಮದಿಂದ ಕಟ್ಟುವ ಕ್ರಮವನ್ನೂ ಸುಶ್ರುತಸಂಹಿತೆಯು ವಿವರವಾಗಿ ಹೇಳುತ್ತದೆ. 1792ರ ಮೈಸೂರು ಯುದ್ಧದಲ್ಲಿ ಸೆರೆಸಿಕ್ಕಿ ಮೂಗು ಕಳೆದುಕೊಂಡ ಕಾವಸ್‌ಜಿ ಎಂಬ ಎತ್ತಿನಾಳಿಗೆ ಪುಣೆಯ ಕಡೆಯ ದೇಶೀಯನೊಬ್ಬನು ಹಣೆಯ ಚರ್ಮದಿಂದ ಮೂಗು ಕಟ್ಟಿದನು; ಆ ವೃತ್ತಾಂತವು 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಗಿ ಯೂರೋಪಿನ ವೈದ್ಯರ ಕಣ್ಣು ತೆರೆಸಿತು. ಕೆಟ್ಟುದನ್ನು ತಿದ್ದುವುದು ನಮ್ಮ ಹಿರಿಯರಿಗೆ ಪಾಪವಾಗಿ ತೋರಲಿಲ್ಲ.

ಮೂಗು ಕತ್ತರಿಸಿಹೋದುದಕ್ಕೂ ಹೊಟ್ಟೆ ಜೋಲುವುದಕ್ಕೂ ಸಾಮ್ಯವೆಲ್ಲಿ, ಇದು ಸೋಮಾರಿಗಳ ದಾರಿ, ಮೈಮುರಿದು ದುಡಿದರೆ ತಾನೇ ಕರಗುತ್ತದೆ ಎಂಬುದು ಮುಂದಿನ ಆಕ್ಷೇಪ. ಇದನ್ನು ಆಡುವವರು ಒಮ್ಮೆ ಹಣ್ಣುಕೊಯ್ಲಿನ ಕಾಲದಲ್ಲಿ ಮೂಡಿಗೆರೆಯ ಯಾವುದಾದರೊಂದು ತೋಟದಲ್ಲಿ ನಿಂತು ನೋಡಬೇಕು. ಬೆಳಗಿನಿಂದ ಸಂಜೆಯವರೆಗೆ ಸೊಂಟಕ್ಕೆ ಚೀಲ ಕಟ್ಟಿಕೊಂಡು ಇಳಿಜಾರಿನಲ್ಲಿ ಕಾಫಿಹಣ್ಣು ಬಿಡಿಸುವ, ಒಂದು ಹಿಡಿ ಕೊಬ್ಬೂ ಇಲ್ಲದ ಹೆಂಗಸರಲ್ಲಿಯೂ ಹೆತ್ತ ಹೊಟ್ಟೆ ಸಡಿಲವಾಗಿರುವುದುಂಟು. ಹಿಗ್ಗಿದ ಸ್ನಾಯುಬಂಧವು ಯುಕ್ತವಾದ ವ್ಯಾಯಾಮದಿಂದ ಕೆಲವರಲ್ಲಿ ಬಿಗಿಯಾಗುವುದು. ಅದನ್ನೇ ಮೊದಲು ಮಾಡಿನೋಡಬೇಕು. ಆದರೆ ಒಮ್ಮೆ ಮಿತಿಮೀರಿ ಹಿಗ್ಗಿದ ಚರ್ಮವನ್ನು ಯಾವ ದುಡಿಮೆಯೂ ಕುಗ್ಗಿಸಲಾರದು. ಇದು ಹೆಂಗಸರ ಷೋಕಿ ಮಾತ್ರವೂ ಅಲ್ಲ. ಬಹಳ ತೂಕವಿಳಿಸಿದ ಗಂಡಸರೂ ಇದನ್ನು ಮಾಡಿಸಿಕೊಳ್ಳುತ್ತಾರೆ.

ಚರಕಸಂಹಿತೆಯಲ್ಲಿ ಲೋಕವು ನಿಂದಿಸುವ ಎಂಟು ಬಗೆಯ ದೇಹಗಳ ಪ್ರಸ್ತಾಪವಿದೆ. ಅತಿ ಎತ್ತರದವನು, ಅತಿ ಗಿಡ್ಡನು, ಅತಿ ಕಪ್ಪಿನವನು, ಅತಿ ಬಿಳುಪಿನವನು ಮೊದಲಾಗಿ ಎಣಿಸಿದ ಮೇಲೆ, ಆಚಾರ್ಯನು ಚಿಕಿತ್ಸೆಗೆಂದು ವಿಸ್ತರಿಸುವುದು ಅತಿಸ್ಥೂಲ ಮತ್ತು ಅತಿಕೃಶ ಎಂಬ ಇಬ್ಬರನ್ನು ಮಾತ್ರ. ಮಿಕ್ಕ ಆರು ಮಂದಿಯನ್ನು ಲೋಕವು ಬೈದರೂ ವೈದ್ಯನಿಗೆ ಅಲ್ಲಿ ಕೆಲಸವಿಲ್ಲ. ನನಗೆ ಇದರಲ್ಲಿ ಒಂದು ಅಳತೆಗೋಲು ಕಾಣುತ್ತದೆ. ನೋಡುವವನ ಕಣ್ಣಿಗೆ ಆಗುವ ಬೇಸರ ಬೇರೆ, ದೇಹ ಹೊತ್ತವನಿಗೆ ಆಗುವ ಬಾಧೆ ಬೇರೆ. ಮೊದಲನೆಯದಕ್ಕೆ ಔಷಧವನ್ನು ಆ ನೋಡುವವನಿಗೆ ಕೊಡಬೇಕು.

ಈ ಮಾತನ್ನು ಬರೆಯುವಾಗ ತೀರಿಹೋದ ನನ್ನ ಪತ್ನಿಯು ಕಣ್ಣಮುಂದೆ ನಿಲ್ಲುತ್ತಾಳೆ. ನಾಲ್ಕು ಹೆತ್ತವಳು. ಬಾಣಂತನದಲ್ಲಿ ಅವಳ ತಾಯಿ ಹಳೆಯ ಸೀರೆಯನ್ನು ಬಿಗಿಯಾಗಿ ಹೊಟ್ಟೆಗೆ ಸುತ್ತುತ್ತಿದ್ದರು. ಆ ಕಟ್ಟು ಇದ್ದಷ್ಟು ಹೊತ್ತು ಆಸರೆಯಾಗುತ್ತದೆಯೇ ಹೊರತು ಅಗಲಿದುದನ್ನು ಹೊಲಿಯಲಾರದು. ಆಮೇಲೆ ಇಪ್ಪತ್ತು ವರ್ಷ ಅವಳು ಅಡುಗೆಮನೆಯಲ್ಲಿ ನೀರಿನ ಹಂಡೆಯನ್ನೆತ್ತುವಾಗಲೆಲ್ಲ ಒಂದು ಕೈಯನ್ನು ಸೊಂಟದ ಮೇಲಿಡುತ್ತಿದ್ದಳು. ನಾನು ಅದನ್ನು ಅಭ್ಯಾಸವೆಂದು ತಿಳಿದಿದ್ದೆನು. ಅವಳ ಹೊಟ್ಟೆಯನ್ನು ನೋಡಿ, ನೆಂಟರ ಮುಂದೆಯೇ, ನಮ್ಮ ಮನೆಯಲ್ಲಿ ಚೌತಿಗೆ ಗಣಪತಿಯನ್ನು ತರುವ ಅಗತ್ಯವಿಲ್ಲವೆಂದು ಹಾಸ್ಯಮಾಡುತ್ತಿದ್ದೆನು. ಅವಳೂ ನಗುತ್ತಿದ್ದಳು. ಆ ಗಣಪತಿಯ ಕಥೆಯನ್ನು ಪ್ರತಿವರ್ಷ ಮಕ್ಕಳಿಗೆ ಹೇಳುತ್ತಿದ್ದವನೂ ನಾನೇ. ಹೊಟ್ಟೆ ಬಿರಿದಾಗ ಅವನು ಹಾವನ್ನೇ ಪಟ್ಟಿಯಾಗಿ ಸುತ್ತಿಕೊಂಡನು. ಅದನ್ನು ಕಂಡು ಚಂದ್ರನು ನಕ್ಕನು. ಶಾಪ ಬಿದ್ದದ್ದು ಹೊಟ್ಟೆಗಲ್ಲ, ನಗೆಗೆ. ಕಥೆ ಹೇಳಿದವನಿಗೆ ಅದರ ಅರ್ಥ ತಿಳಿಯಲು ಇಷ್ಟು ಕಾಲ ಹಿಡಿಯಿತು.

ಹಾಗಾದರೆ ಈ ಶಸ್ತ್ರಕ್ರಿಯೆ ಧರ್ಮವೊ ಅಧರ್ಮವೊ ಎಂದು ಕೇಳಿದರೆ, ಕತ್ತಿಯಲ್ಲಿ ಎರಡೂ ಇಲ್ಲವೆಂದೇ ಹೇಳಬೇಕು. ಅಪೇಕ್ಷೆಯು ತನ್ನ ಬಾಧೆಯಿಂದ ಹುಟ್ಟಿದೆಯೆ, ಪರರ ನಗೆಯಿಂದ ಹುಟ್ಟಿದೆಯೆ ಎಂಬುದನ್ನು ಅವಳೇ ವಿಚಾರಿಸಿಕೊಳ್ಳಬೇಕು. ತೆರಬೇಕಾದ ಬೆಲೆಯನ್ನು, ಹಣವನ್ನಲ್ಲದೆ ಗಾಯವನ್ನೂ ಅಪಾಯವನ್ನೂ, ಮರೆಮಾಚದೆ ಹೇಳುವುದು ವೈದ್ಯರ ಹೊಣೆ. ಮೂರನೆಯ ಹೊಣೆ ಮನೆಯವರದು. ಶಸ್ತ್ರಕ್ರಿಯೆಯಾದ ಮೇಲೆ ಸುಮಾರು ಆರು ವಾರ ಭಾರವನ್ನೆತ್ತಕೂಡದು. ಅಂದರೆ ಮಗುವನ್ನೂ ಎತ್ತಕೂಡದು. ಆ ಆರು ವಾರ ಇಬ್ಬರು ಮಕ್ಕಳನ್ನೂ ಹಂಡೆಯನ್ನೂ ಎತ್ತುವವರು ಯಾರು? ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿರುವಾಗ, ಬೆಂಗಳೂರಿನಿಂದ ಕಳಸಕ್ಕೆ ಹಗಲೆಲ್ಲ ಕುಳಿತು ಬರುವ ಬದಲು ಕೆಲವು ದಿನ ಅಲ್ಲಿಯೇ ಉಳಿಯುವ ಏರ್ಪಾಡು ಉಂಟೆ? ಇಂಥ ಪ್ರಶ್ನೆಗಳಿಗೆ ಉತ್ತರ ಹೊಂದಿಸದೆ ವೈರಾಗ್ಯವನ್ನು ಬೋಧಿಸುವವನು ತನ್ನ ಪಾಲಿನ ಕೆಲಸದಿಂದ ತಪ್ಪಿಸಿಕೊಳ್ಳುವವನೇ ಸರಿ.

ನನ್ನ ತಂಗಿಯ ಮಗಳಿಗೆ ಶಸ್ತ್ರವೈದ್ಯರು, ಮೊದಲು ಆರು ತಿಂಗಳು ಕ್ರಮವಾದ ವ್ಯಾಯಾಮ ಮಾಡಿ, ಆಮೇಲೆ ಬೇಕೆನಿಸಿದರೆ ಬನ್ನಿ ಎಂದರು. ಆರು ತಿಂಗಳಾದ ಮೇಲೆ ಅವಳು ಏನನ್ನು ನಿಶ್ಚಯಿಸಿದಳೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವಳಿಗೆ ಸೇರಿದ್ದು. ಆ ವ್ಯಾಯಾಮದ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ನಾನು ಕೆಲವು ವಾರ ಕಳಸದಲ್ಲಿ ಹೋಗಿ ಇದ್ದೆನು. ಮೂರು ವರ್ಷದ ಇಬ್ಬರನ್ನು ದಿನಕ್ಕೆ ಎಷ್ಟು ಸಲ ಎತ್ತಬೇಕಾಗುತ್ತದೆ ಎಂಬುದು ನನ್ನ ಸೊಂಟಕ್ಕೆ ಆಗಲೇ ತಿಳಿದುದು.