ಉಗ್ರಾಣದ ಹಳೇ ಬಟ್ಟೆಗಳು
ವಾಕ್ಯಭಾಗ: ಯೆರೆಮೀಯ 38:7-13

ಬೈಬಲ್ ತೆಗೀರಿ ದೇವರ ಮಕ್ಕಳೇ, ಯೆರೆಮೀಯ ಮೂವತ್ತೆಂಟು.

ಪ್ರವಾದಿಯನ್ನು ಬಾವಿಗೆ ಇಳಿಸಿಬಿಟ್ಟಿದ್ದಾರೆ. ನೀರಿಲ್ಲ, ಬರೀ ಕೆಸರು. ಅದರಲ್ಲಿ ಹೂತುಹೋಗಿದ್ದಾನೆ. ಆಗ ಅರಮನೆಯಲ್ಲಿದ್ದ ಕೂಷ್ ದೇಶದ ಎಬೆದ್ಮೆಲೆಕ ಅರಸನ ಹತ್ತಿರ ಹೋಗಿ ಮಾತಾಡಿ ಅಪ್ಪಣೆ ತಗೊಂಡ. ಜೊತೆಗೆ ಮೂವತ್ತು ಜನ, ಕೈಯಲ್ಲಿ ಹಗ್ಗ. ನಾವಾಗಿದ್ರೆ ಹಗ್ಗ ಬಿಟ್ಟು, "ಹಿಡ್ಕೊಳ್ಳಿ ಅಯ್ಯನವರೇ" ಅಂತಿದ್ವಿ. ಇವನು ಮೊದಲು ಖಜಾನೆಯ ಕೆಳಗಿನ ಕೋಣೆಗೆ ಹೋದ. ಯಾರಿಗೂ ಬೇಡವಾಗಿ ಬಿದ್ದಿದ್ದ ಹರಕು ಬಟ್ಟೆಗಳನ್ನು ಆರಿಸಿ ತಂದು, ಬಾವಿಗೆ ಇಳಿಸಿ, ಕಂಕುಳಿಗೆ ಇಟ್ಟುಕೊಂಡು ಆಮೇಲೆ ಹಗ್ಗ ಹಾಕಿಕೊಳ್ಳಲು ಹೇಳಿದ. ಹಗ್ಗ ಚರ್ಮ ಕಿತ್ತುಬಿಡುತ್ತೆ ಅಂತ ಯೋಚನೆ ಮಾಡಿದ ಮನುಷ್ಯ ಅವನು. ಸ್ತೋತ್ರ!

ಹಾಸಿಗೆ ಹಿಡಿದವರ ಸೇವೆ ಮಾಡಿರೋ ಅಕ್ಕಂದಿರಿಗೆ ಇದು ಚೆನ್ನಾಗಿ ಗೊತ್ತು. ಒಂದೇ ಮಗ್ಗುಲಲ್ಲಿ ಮಲಗಿದರೆ ಸೊಂಟ, ಹಿಮ್ಮಡಿ ಹುಣ್ಣಾಗುತ್ತೆ. ಅದಕ್ಕೇ ಏರ್ ಬೆಡ್. ಮೋಟಾರು ಸರದಿಯ ಮೇಲೆ ಗಾಳಿ ತುಂಬುತ್ತೆ, ಬಿಡುತ್ತೆ. ಭಾರ ಒಂದೇ ಕಡೆ ಕೂರೋದಿಲ್ಲ. ಇವತ್ತು ಯಾರದೋ ಮನೆಯಲ್ಲಿ ಒಬ್ಬ ತಾಯಿ ಹಳೇ ಸೀರೆ ಮಡಚಿ ಅವರ ಬೆನ್ನ ಕೆಳಗೆ ಇಡ್ತಿದ್ದಾರೆ. ಪಕ್ಕದ ಬೀದಿಯ ಅಟ್ಟದಲ್ಲಿ ಏರ್ ಬೆಡ್ ಧೂಳು ಹಿಡೀತಿದೆ. ಇಬ್ಬರೂ ವಿಶ್ವಾಸಿಗಳೇ ಇರಬಹುದು!

ಅಮೆರಿಕದ ಯೇಲ್‌ನಲ್ಲಿ 1991ರಲ್ಲಿ ವಿಲಿಯಂ ರೋಸೆನ್‌ಬ್ಲಾಟ್ ಅನ್ನೋ ಅರಿವಳಿಕೆ ಡಾಕ್ಟರು ಒಂದು ಕೆಲಸ ಶುರುಮಾಡಿದರು. ಆಪರೇಷನ್‌ಗೆ ಅಂತ ಬಿಚ್ಚಿಟ್ಟು, ರೋಗಿಗೆ ಮುಟ್ಟಿಸದೇ ಕಸಕ್ಕೆ ಹೋಗುತ್ತಿದ್ದ ಗ್ಲೌಸ್, ಹೊಲಿಗೆ ದಾರ ಮುಂತಾದವನ್ನು ಕೂಡಿಸಿ, ಅವು ಇಲ್ಲದ ಕಡೆಗೆ ಕಳಿಸೋದು. ಹೆಸರು ರೆಮಿಡಿ. ಅದಕ್ಕೂ ಮೊದಲು, 1987ರಲ್ಲಿ, ಕೊಲೊರಾಡೊದಲ್ಲಿ ಪ್ರಾಜೆಕ್ಟ್ ಕ್ಯೂರ್ ಇಂಥದ್ದೇ ಕೆಲಸ ಆರಂಭಿಸಿತ್ತು. ಐದು ಸಾವಿರ ಜನ ಉಂಡಮೇಲೆ ತುಂಡುಗಳನ್ನು ಕೂಡಿಸಲು ನಮ್ಮ ಕರ್ತನು ಹೇಳಿದ್ದೂ ಇದನ್ನೇ. ಯೋಹಾನ ಆರನೇ ಅಧ್ಯಾಯ ಮನೆಯಲ್ಲಿ ಓದಿ. ರೊಟ್ಟಿ ಹೆಚ್ಚಿಸಬಲ್ಲವನೇ ಯಾವುದೂ ಹಾಳಾಗಬಾರದು ಅಂತಾನೆ, ಹನ್ನೆರಡು ಪುಟ್ಟಿ ತುಂಬಿತು.

ಆದ್ರೆ ಸ್ವಲ್ಪ ತಡೀರಿ. ಮಲಾಕಿಯನ ಪುಸ್ತಕದಲ್ಲಿ ಜನ ಕುರುಡು, ಕುಂಟು ಪ್ರಾಣಿಗಳನ್ನು ಯಜ್ಞವೇದಿಗೆ ತರ್ತಿದ್ದರು. ದೇವರು ಏನು ಕೇಳಿದ? ಇದನ್ನು ನಿನ್ನ ದೇಶಾಧಿಪತಿಗೆ ಕೊಟ್ಟು ನೋಡು ಅಂದ. ಡೇಟ್ ಮುಗಿದ ಸಿರಪ್ಪು, ಅರ್ಧ ಕತ್ತರಿಸಿದ ಮಾತ್ರೆ ಸ್ಟ್ರಿಪ್ಪು "ಬಡವರಿಗೆ ಕೊಡಿ ಪಾಸ್ಟರ್" ಅಂತ ತರಬೇಡಿ. ದಾನದ ಔಷಧಿ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲೇ ನಿಯಮ ಬರೆಯಬೇಕಾಯಿತು. ರೋಗಿಗೆ ಕೊಟ್ಟು ವಾಪಸ್ ಬಂದ ಔಷಧಿ ದಾನ ಮಾಡಬಾರದು, ತಲುಪಿದಾಗ ಕನಿಷ್ಠ ಒಂದು ವರ್ಷವಾದರೂ ಅವಧಿ ಇರಬೇಕು ಅಂತ. ಹಾಗಾಗಿ ಔಷಧಿ ಬೇಡ. ಕ್ಯಾನ್ಸರ್ ನೋವಿಗೆ ಕೊಟ್ಟ ಮಾರ್ಫಿನ್ ಉಳಿದಿದ್ದರೆ ಕೊಟ್ಟ ಆಸ್ಪತ್ರೆಯನ್ನೇ ಕೇಳಿ, ಯಾರ ಕೈಗೂ ಕೊಡಬೇಡಿ. ನೆಬ್ಯುಲೈಸರ್ ಮಿಷನ್ ತನ್ನಿ, ಬಳಸಿದ ಮಾಸ್ಕ್ ಬೇಡ. ವೀಲ್‌ಚೇರ್, ವಾಕರ್, ಕಮೋಡ್ ಕುರ್ಚಿ, ಒಡೆಯದ ಡೈಪರ್ ಪ್ಯಾಕೆಟ್ ತನ್ನಿ. ಕೋವಿಡ್ ಸಮಯದಲ್ಲಿ ಕೊಂಡ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಇದ್ದರೆ ತಿಳಿಸಿ, ಮೆಕ್ಯಾನಿಕ್ ನೋಡದೆ ಅದನ್ನು ಕೊಡೋದಿಲ್ಲ. ಬ್ರೇಕ್ ಹಿಡಿಯದ ವೀಲ್‌ಚೇರ್ ಕೊಟ್ಟು ಮುದುಕರನ್ನು ಬೀಳಿಸೋದು ಸೇವೆ ಅಲ್ಲ.

ಇನ್ನೂ ಎರಡು ಮಾತು ಬಿಡಿಸಿ ಹೇಳಬೇಕು. "ಸತ್ತವರು ಕೂತಿದ್ದ ಕುರ್ಚಿ ಮನೆಗೆ ಬೇಡ, ಅಪಶಕುನ." ಇದನ್ನು ಸಭೆಯವರೇ ಹೇಳೋದು ಕೇಳಿದ್ದೀನಿ. ಕ್ರಿಸ್ತನ ರಕ್ತದಲ್ಲಿ ತೊಳೆಯಲ್ಪಟ್ಟವರಿಗೆ ಕಬ್ಬಿಣದ ಕುರ್ಚಿಯ ಭಯ ಯಾಕೆ? ಡೆಟಾಲ್ ಹಾಕಿ ಒರೆಸಿ, ಬಿಸಿಲಿಗಿಡಿ, ಸಾಕು.

ಎರಡನೇದು, ಸ್ವಸ್ಥತೆಗೆ ಪ್ರಾರ್ಥನೆ ಮಾಡೋ ಸಭೆ ವಾಕರ್ ಹಂಚಿದರೆ ವಿಶ್ವಾಸ ಕಡಿಮೆ ಅಂತ ಕೆಲವರು. ಪ್ರಿಯರೇ, ಯೆರೆಮೀಯ ಪ್ರವಾದಿ. ದೇವರು ಅವನನ್ನು ಗಾಳಿಯಲ್ಲಿ ಎತ್ತಬಹುದಿತ್ತು. ಎತ್ತಲಿಲ್ಲ. ಹಗ್ಗ, ಹರಕು ಬಟ್ಟೆ, ಮೂವತ್ತು ಜನರ ತೋಳು, ಇದರಲ್ಲೇ ಬಿಡುಗಡೆ ಬಂತು. ಮುಂದಿನ ಅಧ್ಯಾಯದಲ್ಲಿ ದೇವರು ಎಬೆದ್ಮೆಲೆಕನ ಬಗ್ಗೆ ಏನಂದ ಗೊತ್ತಾ? ನನ್ನಲ್ಲಿ ಭರವಸೆ ಇಟ್ಟವನು ಅಂತ. ಬಟ್ಟೆ ಆರಿಸಿದವನ ವಿಶ್ವಾಸಕ್ಕೆ ದೇವರೇ ಸಾಕ್ಷಿ ಕೊಟ್ಟ. ಆಮೆನ್ ಹೇಳ್ತೀರಾ? ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡ್ತೀವಿ, ಕೈಗೆ ವಾಕರೂ ಕೊಡ್ತೀವಿ. ಎದ್ದು ನಡೆದ ದಿನ ವಾಕರ್ ವಾಪಸ್ ತರಲಿ, ಇನ್ನೊಬ್ಬರಿಗಾಗುತ್ತೆ. ಹಲ್ಲೆಲೂಯ!

ಕೆಲವರಿಗೆ ಅದು ಬರೀ ವಸ್ತು ಅಲ್ಲ, ನನಗೆ ಗೊತ್ತು. ಅಪ್ಪನ ಕುರ್ಚಿ. ಅದನ್ನು ಕೊಟ್ಟರೆ ಅಪ್ಪ ಇನ್ನೊಂದು ಸಲ ಹೋದಂಗೆ ಆಗುತ್ತೆ. ಅವರಿಗೆ ನಾನು ಅವಸರ ಮಾಡೋದಿಲ್ಲ.

ಉಳಿದವರು ಬರೋ ಶನಿವಾರ ಸಂಜೆ ಸಭಾಮಂದಿರದ ವರಾಂಡಕ್ಕೆ ತನ್ನಿ. ನರ್ಸ್ ಆಗಿರೋ ನಮ್ಮ ಸಹೋದರಿಯರು ಪ್ರತಿಯೊಂದನ್ನೂ ನೋಡ್ತಾರೆ. ತಗೊಳ್ಳೋರು ಸಭೆಯವರೇ ಆಗಿರಬೇಕಿಲ್ಲ, ಯಾವ ಮತದವರಾದರೂ ಸರಿ, ಕೇಳಿದವರ ಹೆಸರು ಬರೆದುಕೊಳ್ಳಿ. ಈಗ ಎಲ್ಲರೂ ಎದ್ದು ನಿಲ್ಲೋಣ, ಮನೆಯಲ್ಲಿ ಮಲಗಿರುವವರಿಗಾಗಿ ಪ್ರಾರ್ಥಿಸೋಣ.