ಕಾರಣವಿಲ್ಲದ ಕೂಗು

ಬೆಂಗಳೂರು, ಮೈಸೂರು, ಹುಬ್ಬಳ್ಳಿ ಮೊದಲಾದ ಪಟ್ಟಣಗಳ ಯಾವ ಹೊಸ ಬಡಾವಣೆಯಲ್ಲಾದರೂ ನಡೆಯಬಹುದಾದ ಸಂಗತಿಯೊಂದನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬಹುದು. ರಾತ್ರಿ ಎರಡು ಗಂಟೆ. ಬೀದಿಯೆಲ್ಲ ನಿದ್ರೆಯಲ್ಲಿದೆ. ಒಬ್ಬ ಗೃಹಸ್ಥನ ಮನೆಯ ಮುಂದೆ ನಿಂತಿರುವ ಕಾರು, ಯಾರೂ ಮುಟ್ಟದೆ ಇರುವಾಗ, ಇದ್ದಕ್ಕಿದ್ದಂತೆ ಕೂಗಿಕೊಳ್ಳಲು ತೊಡಗುತ್ತದೆ. ನಾಯಿಗಳು ಬೊಗಳುತ್ತವೆ, ಎದುರುಮನೆಯ ಕೂಸು ಎದ್ದು ಅಳುತ್ತದೆ. ಒಡೆಯನು ಕತ್ತಲೆಯಲ್ಲಿ ಬೀಗದ ಕೈಯನ್ನು ತಡಕಾಡಿ ಅದರ ಗುಂಡಿಯನ್ನು ಒತ್ತುವ ವೇಳೆಗೆ ಹತ್ತು ಮನೆಗಳಲ್ಲಿ ದೀಪ ಹತ್ತಿರುತ್ತದೆ. ಮೊದಲನೆಯ ರಾತ್ರಿ ನಾಲ್ವರು ದೊಣ್ಣೆ ಹಿಡಿದು ಹೊರಗೆ ಬರುತ್ತಾರೆ, “ಏನಾಯಿತು ಸ್ವಾಮಿ, ಕಳ್ಳನೇ?” ಎಂದು ಕೇಳುತ್ತಾರೆ. ಮೂರನೆಯ ರಾತ್ರಿ ಒಬ್ಬನು ಕಿಟಕಿಯಿಂದ ಇಣುಕುತ್ತಾನೆ. ಎಂಟನೆಯ ರಾತ್ರಿ ಯಾರೂ ಏಳುವುದಿಲ್ಲ. ಎಚ್ಚರವಾದವರು ಬಯ್ದುಕೊಂಡು ಮಗ್ಗುಲು ಬದಲಿಸುತ್ತಾರೆ. ಬೆಳಗ್ಗೆ ಒಡೆಯನು ನಾಚಿಕೆಯಿಂದ, “ಏನು ಮಾಡಲಿ, ಅದು ಕಾರಣವಿಲ್ಲದೆ ಕೂಗುತ್ತದೆ” ಎನ್ನುತ್ತಾನೆ.

ಆ ಮಾತು ಸತ್ಯವಲ್ಲ. ಯಂತ್ರಕ್ಕೆ ಹುಚ್ಚು ಹಿಡಿಯುವುದಿಲ್ಲ, ಕೆಟ್ಟ ಕನಸು ಬೀಳುವುದಿಲ್ಲ. ಅದು ಕೂಗಿದ ಪ್ರತಿಯೊಂದು ಸಲವೂ ಅದರೊಳಗಿನ ಯಾವುದೋ ಒಂದು ತಂತಿಯಲ್ಲಿ ವಿದ್ಯುತ್ತಿನ ಸ್ಥಿತಿ ಬದಲಾಗಿಯೇ ಇರುತ್ತದೆ. ಕಾರಣ ಉಂಟು; ಇಲ್ಲದಿರುವವನು ಕಳ್ಳ. “ಕಳ್ಳ ಬಂದ” ಎಂದು ಯಂತ್ರವು ಎಂದೂ ಹೇಳಲಿಲ್ಲ. “ಬಾನೆಟ್ಟಿನ ಸ್ವಿಚ್ಚು ತೆರೆದುಕೊಂಡಿತು”, “ಮೈ ಅದುರಿತು” ಎಂಬಷ್ಟನ್ನೇ ಅದು ಹೇಳಬಲ್ಲುದು. ಉಳಿದುದನ್ನು ಕೂಡಿಸಿಕೊಳ್ಳುವವನು ಹಾಸಿಗೆಯಲ್ಲಿ ಮಲಗಿ ಕೇಳುವ ಮನುಷ್ಯ.

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯುಂಟೆಂದು ಊಹಿಸುವುದು ನೈಯಾಯಿಕರ ಹಳೆಯ ದೃಷ್ಟಾಂತ. ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುವುದರಿಂದ ಆ ಊಹೆ ನಿಲ್ಲುತ್ತದೆ. ಸಾಧ್ಯವಿರುವಲ್ಲಿಯೂ ಇಲ್ಲದಲ್ಲಿಯೂ ಒಂದೇ ಸಮನಾಗಿ ತೋರುವ ಹೇತುವನ್ನು ಅವರು ಸವ್ಯಭಿಚಾರವೆಂದು ಕರೆದು ಹೇತ್ವಾಭಾಸಗಳಲ್ಲಿ ಸೇರಿಸಿದರು. ಕಳ್ಳನು ಗಾಜು ಒಡೆದಾಗಲೂ ಬೆಕ್ಕು ಮೇಲೆ ನೆಗೆದಾಗಲೂ ಒಂದೇ ಸ್ವರದಲ್ಲಿ ಕೂಗುವ ಅಲಾರಂ ಈ ಜಾತಿಗೆ ಸೇರಿದ್ದು. ಶಾಸ್ತ್ರಚರ್ಚೆಯಲ್ಲಿ ಅಂಥ ಹೇತುವನ್ನು ತಳ್ಳಿಹಾಕಿದರೆ ತೀರಿತು. ಬೀದಿಯಲ್ಲಿ ಹಾಗೆ ತಳ್ಳಿಹಾಕುವಂತಿಲ್ಲ. ಏಕೆಂದರೆ ಎಂದಾದರೂ ಒಂದು ರಾತ್ರಿ ಅದು ಹೇಳುವುದು ನಿಜವಾಗಿರಬಹುದು.

ಹಾಗಾದರೆ ಒಡೆಯನು ಮಾಡತಕ್ಕದ್ದೇನು? ಮೊದಲು ನೋಡಬೇಕಾದುದು ಬ್ಯಾಟರಿ. ಹನ್ನೆರಡು ವೋಲ್ಟಿನದೆಂದು ಕರೆಯುವ ಬ್ಯಾಟರಿಯು ತುಂಬಿದ್ದು, ರಾತ್ರಿಯೆಲ್ಲ ಸುಮ್ಮನಿದ್ದ ಮೇಲೆ ಸುಮಾರು ೧೨.೬ ವೋಲ್ಟು ತೋರಿಸಬೇಕು. ೧೨ಕ್ಕೆ ಇಳಿದಿದ್ದರೆ ಅದು ಬಹುಮಟ್ಟಿಗೆ ಬರಿದಾಗಿದೆಯೆಂದೇ ಅರ್ಥ. ಬಲಗುಂದಿದ ಬ್ಯಾಟರಿಯ ಒತ್ತಡವು ಕುಸಿದಾಗ, ಯಾರೋ ತನ್ನ ತಂತಿಗೆ ಕೈ ಹಾಕಿದರೆಂದು ಕೆಲವು ಅಲಾರಂಗಳು ಭ್ರಮಿಸುತ್ತವೆ. ಕೆಲವು ಕಾರುಗಳಲ್ಲಿ ಕೂಗುವ ಸೈರನ್ನಿನೊಳಗೇ ಇನ್ನೊಂದು ಚಿಕ್ಕ ಬ್ಯಾಟರಿಯುಂಟು. ಕಳ್ಳನು ದೊಡ್ಡದರ ತಂತಿಯನ್ನು ಕಿತ್ತರೂ ಕೂಗು ನಿಲ್ಲಬಾರದೆಂದು ಇಟ್ಟದ್ದು. ವರ್ಷಗಳು ಕಳೆದು ಹಳತಾದಾಗ ಅದು ತನ್ನ ಮುಪ್ಪನ್ನೇ ಕಳ್ಳತನವೆಂದು ಸಾರತೊಡಗುತ್ತದೆ! ಅನೇಕ ಸಲ ಅಪರಾಧಿ ಬಾನೆಟ್ಟಿನ ಅಗಳಿಯ ಬಳಿಯ ಸಣ್ಣ ಸ್ವಿಚ್ಚು. ಮಳೆಯ ನೀರು, ಧೂಳು, ಎಣ್ಣೆಯ ಜಿಡ್ಡು ಇವೆಲ್ಲವೂ ಸೇರುವ ಸ್ಥಳವದು. ಅಲ್ಲಿಯ ಲೋಹಕ್ಕೆ ಕಿಲುಬು ಹತ್ತಿತೆಂದರೆ, ಮುಚ್ಚಿದ ಬಾನೆಟ್ಟು ತೆರೆದಿದೆಯೆಂಬ ವರದಿ ಒಳಗೆ ಹೋಗುತ್ತದೆ. ಬಾಗಿಲಿನ ಸ್ವಿಚ್ಚು ಕೆಟ್ಟಿದ್ದರೆ, ಬಾಗಿಲು ಹಾಕಿದ್ದರೂ ಒಳಗಿನ ಪುಟ್ಟ ದೀಪ ಮಿಣುಕುವುದರಿಂದ ಗುರುತು ಹತ್ತುವುದುಂಟು. ಬೆಚ್ಚಗಿರುವ ಎಂಜಿನ್ನಿನ ಮೇಲೆ ಬಿಡಾರ ಮಾಡಿ ತಂತಿ ಕಡಿಯುವ ಇಲಿಗಳನ್ನು ಈ ದೇಶದಲ್ಲಿ ಮರೆಯುವಂತೆಯೇ ಇಲ್ಲ.

ಇನ್ನು ಕಾರಿನ ಒಳಗಿನ ಚಲನೆಯನ್ನು ಕಿವಿಗೆ ಕೇಳಿಸದ ಶಬ್ದತರಂಗಗಳಿಂದ ಅರಿಯುವ ಸೆನ್ಸರು ಕೆಲವು ಕಾರುಗಳಲ್ಲಿರುತ್ತದೆ. ಗಾಜನ್ನು ಒಂದು ಬೆರಳಷ್ಟು ಇಳಿಸಿಟ್ಟು, ಕನ್ನಡಿಗೆ ಹೂವಿನ ಹಾರವನ್ನೋ ಗಣಪತಿಯ ಗೊಂಬೆಯನ್ನೋ ತೂಗಬಿಟ್ಟಿದ್ದರೆ, ಗಾಳಿಗೆ ಅದು ಆಡಿದಾಗ ಒಳಗೆ ಮನುಷ್ಯನಿದ್ದಾನೆಂದು ಆ ಸೆನ್ಸರು ತಿಳಿಯಬಹುದು. ಕಾರಿನ ರಕ್ಷಣೆಗೆಂದು ಕಟ್ಟಿದ ದೇವರೇ ಕಳ್ಳನಂತೆ ತೋರುವುದು ವಿನೋದದ ಸಂಗತಿ. ಆ ವಿನೋದವನ್ನು ಅನುಭವಿಸಬೇಕಾದವರು ಮಾತ್ರ ನೆರೆಮನೆಯವರು.

ಇಷ್ಟೊಂದು ಸಂಶಯಗಳಿರುವಾಗ ಎಲ್ಲವನ್ನೂ ಒಂದೇ ದಿನ ಬದಲಾಯಿಸಿಬಿಡುವ ಆತುರ ಸಹಜ. ಹಾಗೆ ಮಾಡಿದರೆ ಕೂಗು ನಿಂತರೂ ನಿಂತುದೇಕೆಂದು ತಿಳಿಯುವುದಿಲ್ಲ; ಮರುತಿಂಗಳು ಮತ್ತೆ ಮೊದಲಿನಿಂದ ಹುಡುಕಬೇಕು. ಒಂದು ರಾತ್ರಿಗೆ ಒಂದೇ ಬದಲಾವಣೆ, ಕೂಗಿದ ಗಂಟೆ ಯಾವುದು, ಮಳೆ ಬಂದಿತ್ತೆ, ಲಾರಿ ಹೋಯಿತೆ ಎಂಬುದಕ್ಕೆ ಒಂದು ಚೀಟಿಯಲ್ಲಿ ಗುರುತು, ಇಷ್ಟೇ ಉಪಾಯ. ಆದರೆ ಈ ತಾಳ್ಮೆಗಿಂತ ಮುಂಚೆ ಮನಸ್ಸು ಹಿಡಿಯುವ ದಾರಿ ಬೇರೆ. ಒಡೆಯನಿಗೆ ಮೊದಲು ನೆನಪಾಗುವವರು ಬೀದಿಯಲ್ಲಿ ಕ್ರಿಕೆಟ್ ಆಡುವ ಹುಡುಗರು, ಆಮೇಲೆ ರಾತ್ರಿಯ ಕಾವಲುಗಾರ, ಆಮೇಲೆ ಹಿಂದೆಂದೋ ಜಗಳವಾಡಿದ ನೆರೆಯವನು. ಬಾನೆಟ್ಟಿನ ಒಳಗಿರುವ ಕಿಲುಬನ್ನು ನೋಡುವ ಮುನ್ನವೇ ಎಷ್ಟು ಮಂದಿ ನಿರಪರಾಧಿಗಳು ಅವನ ಮನಸ್ಸಿನ ನ್ಯಾಯಾಲಯದಲ್ಲಿ ನಿಂತು ಹೋಗುತ್ತಾರೆ! ಸುಳ್ಳು ಕೂಗಿನ ಮೊದಲನೆಯ ಕೇಡು ಇದು. ಇದರ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಅದುರನ್ನು ಅರಿಯುವ ಸೆನ್ಸರಿನ ವಿಷಯಕ್ಕೆ ಬಂದಾಗ ಪ್ರಶ್ನೆಯು ಯಂತ್ರವನ್ನು ಬಿಟ್ಟು ಧರ್ಮದ ಕಡೆಗೆ ತಿರುಗುತ್ತದೆ. ಹೊರಗಿನಿಂದ ಕೂಡಿಸಿದ ಅಲಾರಂಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಒಂದು ಚಿಕ್ಕ ತಿರುಪು ಇರುತ್ತದೆ. ಒಂದು ಕಡೆಗೆ ತಿರುಗಿಸಿದರೆ ದೂರದ ಲಾರಿಗೂ ಗುಡುಗಿಗೂ ದೀಪಾವಳಿಯ ಪಟಾಕಿಗೂ ಕಾರು ಕೂಗುತ್ತದೆ. ಇನ್ನೊಂದು ಕಡೆಗೆ ತಿರುಗಿಸಿದರೆ ಕಳ್ಳನು ಮೆಲ್ಲನೆ ಕೆಲಸ ಮುಗಿಸಿದರೂ ಅದು ಸುಮ್ಮನಿರುತ್ತದೆ. ಎರಡು ತಪ್ಪುಗಳೂ ಇಲ್ಲವಾಗುವ ಸ್ಥಾನವೊಂದು ಆ ತಿರುಪಿನಲ್ಲಿಲ್ಲ. ಆದುದರಿಂದ ಅದನ್ನು ತಿರುಗಿಸುವವನು ಯಾವ ತಪ್ಪು ಹೆಚ್ಚಾಗಿ ನಡೆಯಲಿ, ಅದರ ನೋವು ಯಾರಿಗೆ ತಗಲಲಿ ಎಂಬುದನ್ನೂ ಅದೇ ಕೈಯಿಂದ ನಿರ್ಣಯಿಸುತ್ತಾನೆ. ಸೂಕ್ಷ್ಮವಾಗಿಟ್ಟರೆ ಲಾಭ ಅವನದು, ನಿದ್ರೆಗೇಡು ಬೀದಿಯವರದು. ಒಬ್ಬನು ತನ್ನ ಭಯಕ್ಕೆ ತಕ್ಕ ಬೆಲೆಯನ್ನು ಇತರರಿಂದ ಕೊಡಿಸುವುದು ನ್ಯಾಯವೆ? ಕಾನೂನು ತನ್ನ ಮಟ್ಟಿಗೆ ಉತ್ತರ ಕೊಟ್ಟಿದೆ. ಭಾರತದ ೨೦೦೦ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಾಸದ ಪ್ರದೇಶಕ್ಕೆ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಗೊತ್ತುಮಾಡಿದ ಮಿತಿ ೪೫ ಡೆಸಿಬೆಲ್. ಕಾರಿನ ಸೈರನ್ನು ಹತ್ತಿರದಲ್ಲಿ ನೂರನ್ನು ಮೀರುತ್ತದೆ. ಆದರೆ ಡೆಸಿಬೆಲ್ಲಿನ ಲೆಕ್ಕವು ಕಿವಿಗೆ ಆದ ನೋವನ್ನು ಅಳೆಯುತ್ತದೆ. ಇಲ್ಲಿ ಹೆಚ್ಚು ಸವೆಯುವುದು ಕಿವಿಯಲ್ಲ.

ಅಲಾರಂಗೆ ಕೈಗಳಿಲ್ಲ. ಅದು ಕಳ್ಳನನ್ನು ಹಿಡಿಯಲಾರದು, ತಡೆಯಲಾರದು, ಕರೆಯಬಲ್ಲುದು, ಅಷ್ಟೆ. ಅದರ ಬಲವೆಲ್ಲ ಕರೆಗೆ ಓಗೊಟ್ಟು ಏಳುವ ಮನುಷ್ಯರ ಬಲ. ಹೊಲದಲ್ಲಿ ಬೆದರುಬೊಂಬೆಯನ್ನು ನಿಲ್ಲಿಸುವ ಒಕ್ಕಲಿಗನಿಗೆ ಇದು ಚೆನ್ನಾಗಿ ಗೊತ್ತು. ಮೊದಲ ದಿನ ಹಕ್ಕಿಗಳು ದೂರ ಹಾರುತ್ತವೆ. ಕೆಲವು ದಿನಗಳಲ್ಲಿ ಅದರ ತಲೆಯ ಮೇಲೆಯೇ ಕುಳಿತುಕೊಳ್ಳುತ್ತವೆ. ಮನುಷ್ಯರ ಮನಸ್ಸೂ ಹಕ್ಕಿಗಳದರಂತೆಯೇ ಪಳಗುತ್ತದೆ. “ತೋಳ ಬಂತು ತೋಳ” ಎಂದು ಕೂಗಿದ ಹುಡುಗನ ಕಥೆಯನ್ನು ಮಕ್ಕಳಿಗೆ ಹೇಳುವಾಗ ಸುಳ್ಳು ಹೇಳಬಾರದೆಂಬ ನೀತಿಯನ್ನು ತೆಗೆಯುವುದು ರೂಢಿ. ಆದರೆ ಈ ಬೀದಿಯಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ಯಂತ್ರಕ್ಕೆ ದುರುದ್ದೇಶವಿಲ್ಲ, ಒಡೆಯನಿಗೂ ಇಲ್ಲ. ಆದರೂ ಫಲವು ಕಥೆಯಲ್ಲಿದ್ದುದೇ. ಉದ್ದೇಶ ಶುದ್ಧವಾಗಿತ್ತೆಂಬುದರಿಂದ ಕುರಿಗಳಿಗೆ ಯಾವ ಸಮಾಧಾನವೂ ಇಲ್ಲ.

ಆ ನಷ್ಟವು ಒಡೆಯನದೊಂದೇ ಆಗಿದ್ದರೆ ಸಹಿಸಬಹುದಾಗಿತ್ತು. ಈಗಿನ ಅನೇಕ ಕಾರುಗಳ ಬೀಗದ ಕೈಯಲ್ಲಿ ಆಪತ್ತಿನ ಗುಂಡಿಯೊಂದಿರುತ್ತದೆ. ಒತ್ತಿದರೆ ಕಾರು ಕೂಗುತ್ತದೆ. ಒಂಟಿಯಾಗಿರುವ ಮುದುಕರು ರಾತ್ರಿ ಆ ಕೈಯನ್ನು ತಲೆದಿಂಬಿನ ಬಳಿ ಇಟ್ಟುಕೊಳ್ಳುವುದು ಒಳ್ಳೆಯದೆಂದು ಹೇಳುವವರುಂಟು. ಸಲಹೆ ಕೆಟ್ಟದ್ದಲ್ಲ. ಆದರೆ ಎರಡು ತಿಂಗಳು ಸುಳ್ಳು ಕೂಗನ್ನು ಕೇಳಿದ ಬೀದಿಯಲ್ಲಿ, ನಾಲ್ಕನೆಯ ಮನೆಯ ವೃದ್ಧೆಯೊಬ್ಬಳು ಬಚ್ಚಲಿನಲ್ಲಿ ಜಾರಿಬಿದ್ದ ಗಂಡನನ್ನು ಎತ್ತಲಾರದೆ ತನ್ನ ಕಾರಿನ ಗುಂಡಿಯನ್ನು ಒತ್ತಿದಳೆಂದರೆ, ಯಾರು ಏಳಬೇಕು? ಅವಳ ಕಾರು ಒಂದು ದಿನವೂ ಸುಮ್ಮನೆ ಕೂಗಿರಲಿಲ್ಲ. ಅವಳು ಕೂಡಿಟ್ಟಿದ್ದ ವಿಶ್ವಾಸವನ್ನು ಬೇರೊಬ್ಬನ ಕಾರು ಖರ್ಚುಮಾಡಿಬಿಟ್ಟಿತ್ತು.

ಇದನ್ನೆಲ್ಲ ಕಂಡ ಒಡೆಯನು ಬೇಸತ್ತು ತಂತಿಯನ್ನೇ ಕಿತ್ತುಹಾಕುವ ಮನಸ್ಸು ಮಾಡಬಹುದು. ಅವನ ಪಕ್ಷದಲ್ಲಿ ಹೇಳತಕ್ಕ ಮಾತೂ ಉಂಟು. ಸರಿಯಾದ ಕೈ ಇಲ್ಲದೆ ಎಂಜಿನ್ನು ನಡೆಯದಂತೆ ಮಾಡುವ ಇಮ್ಮೊಬಿಲೈಸರ್ ಎಂಬ ಸಾಧನವು ಒಂದಿಷ್ಟೂ ಸದ್ದುಮಾಡದೆ ಕಾರನ್ನು ಕಾಯುತ್ತದೆ. ಯೂರೋಪಿನ ಒಕ್ಕೂಟದಲ್ಲಿ ೧೯೯೮ರ ಅಕ್ಟೋಬರಿನಿಂದ ಹೊಸ ಕಾರುಗಳಿಗೆ ಅದು ಕಡ್ಡಾಯ. ಗಾಜು ಒಡೆದು ಚೀಲ ಎತ್ತಿಕೊಂಡು ಹೋಗುವವನನ್ನು ಅದು ತಡೆಯದೆಂಬುದು ನಿಜ. ಅಷ್ಟು ಅಪಾಯವನ್ನು ಒಪ್ಪಿಕೊಂಡು, ಅಲಾರಂ ಬೇಡವೆಂದು ತಿಳಿದು ತೆಗೆಸಿದವನನ್ನು ಯಾರೂ ದೂರುವಂತಿಲ್ಲ. ದೂರತಕ್ಕದ್ದು ಬೇರೊಂದು ನಡತೆ: ಸೈರನ್ನಿನ ತಂತಿಯನ್ನು ಮಾತ್ರ ಕಿತ್ತು, ಕಾವಲಿದೆಯೆಂದು ಸಾರುವ ಕೆಂಪು ದೀಪವನ್ನು ಮಿನುಗಲು ಬಿಟ್ಟು, ಮನೆಯವರಿಗೂ ಹೇಳದೆ ಇರುವುದು.

ಈ ನಡತೆ ಕಾರಿನ ಒಡೆಯರಿಗೆ ಮಾತ್ರ ಸೇರಿದ್ದಲ್ಲ. ಮೆಕ್ಸಿಕೋ ಕೊಲ್ಲಿಯಲ್ಲಿ ಎಣ್ಣೆಯ ಬಾವಿ ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ಎಂಬ ತೇಲುವ ಕಟ್ಟೆಯು ೨೦೧೦ನೆಯ ಏಪ್ರಿಲ್ ೨೦ರ ರಾತ್ರಿ ಸಿಡಿದು ಹನ್ನೊಂದು ಮಂದಿ ಸತ್ತರು. ಆ ವರ್ಷದ ಜುಲೈಯಲ್ಲಿ ನಡೆದ ವಿಚಾರಣೆಯಲ್ಲಿ ಅಲ್ಲಿಯ ಮುಖ್ಯ ಎಲೆಕ್ಟ್ರಾನಿಕ್ಸ್ ತಂತ್ರಜ್ಞನು ನುಡಿದ ಸಾಕ್ಷ್ಯ ಹೀಗಿತ್ತು: ಅನಿಲವನ್ನೂ ಬೆಂಕಿಯನ್ನೂ ಅರಿಯುವ ಸಾಧನಗಳು ಕೆಲಸ ಮಾಡುತ್ತಿದ್ದುವು, ಅವುಗಳ ವರದಿ ಕಂಪ್ಯೂಟರಿಗೆ ತಲಪುತ್ತಿತ್ತು, ಆದರೆ ಎಲ್ಲರನ್ನೂ ಎಬ್ಬಿಸಬೇಕಾದ ದೊಡ್ಡ ಅಲಾರಂ ತಾನಾಗಿ ಕೂಗದಂತೆ ತಡೆದಿಟ್ಟಿದ್ದರು. ಸುಳ್ಳು ಕೂಗಿನಿಂದ ಬೆಳಗಿನ ಜಾವ ಮೂರು ಗಂಟೆಗೆ ಜನರಿಗೆ ಎಚ್ಚರವಾಗಬಾರದೆಂಬುದು ಅದಕ್ಕೆ ಕೊಟ್ಟ ಕಾರಣ. ಅದು ಕೂಗಿದ್ದರೆ ಎಷ್ಟು ಮಂದಿ ಉಳಿಯುತ್ತಿದ್ದರೆಂದು ಯಾರೂ ಹೇಳಲಾರರು. ದುಡಿದು ದಣಿದವರ ನಿದ್ರೆಗೆ ದಯೆ ತೋರಿದ್ದು ಕೆಟ್ಟ ಗುಣವೆಂದೂ ಹೇಳಲಾಗದು. ಸುಳ್ಳು ಕೂಗಿನ ಕಾರಣವನ್ನು ಹುಡುಕಬೇಕಾಗಿದ್ದ ಶ್ರಮದ ಸ್ಥಾನದಲ್ಲಿ ಆ ದಯೆಯನ್ನು ಕುಳ್ಳಿರಿಸಿದರು. ಇದೇ ಅಲ್ಲಿಯ ಪ್ರಮಾದ.

ಹಾಗೆಂದು ಎಲ್ಲ ಕೂಗನ್ನೂ ನಂಬಬೇಕೆಂದಲ್ಲ. ೧೯೮೩ನೆಯ ಸೆಪ್ಟೆಂಬರ್ ೨೬ರಂದು ಸೋವಿಯತ್ ದೇಶದ ಉಪಗ್ರಹವ್ಯವಸ್ಥೆಯು ಅಮೆರಿಕದಿಂದ ಐದು ಕ್ಷಿಪಣಿಗಳು ಹೊರಟಿವೆಯೆಂದು ಸಾರಿದಾಗ, ಕಾವಲಿನಲ್ಲಿದ್ದ ಸ್ತಾನಿಸ್ಲಾವ್ ಪೆಟ್ರೋವ್ ಎಂಬ ಅಧಿಕಾರಿಯು ಅದನ್ನು ನಂಬಲಿಲ್ಲ. ಯುದ್ಧ ಹೂಡುವವರು ಐದೇ ಕ್ಷಿಪಣಿಗಳಿಂದ ಹೂಡುವುದಿಲ್ಲವೆಂದೂ ನೆಲದ ಮೇಲಿನ ರಾಡಾರುಗಳು ಅದನ್ನು ಸಮರ್ಥಿಸಲಿಲ್ಲವೆಂದೂ ಅವನು ಯೋಚಿಸಿದನು. ಎತ್ತರದ ಮೋಡಗಳ ಮೇಲೆ ಬಿದ್ದ ಬಿಸಿಲು ಉಪಗ್ರಹದ ಕಣ್ಣಿಗೆ ಬೆಂಕಿಯಾಗಿ ತೋರಿತ್ತೆಂದು ಆಮೇಲೆ ತಿಳಿಯಿತು. ಅವನ ಅಪನಂಬಿಕೆ ವಿಚಾರದಿಂದ ಹುಟ್ಟಿದ್ದು. ಎಂಟನೆಯ ರಾತ್ರಿ ಮಗ್ಗುಲು ಬದಲಿಸಿದವರ ಅಪನಂಬಿಕೆ ಆಯಾಸದಿಂದ ಹುಟ್ಟಿದ್ದು. ಹೊರಗೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ: ಎರಡರಲ್ಲಿಯೂ ಮನುಷ್ಯನು ಏಳುವುದಿಲ್ಲ.

ಆ ಬೀದಿಯ ಗೃಹಸ್ಥನಿಗೆ ಹದಿನೈದು ರಾತ್ರಿಗಳ ಚೀಟಿಯಿಂದ ಕೊನೆಗೆ ಗುರುತು ಸಿಕ್ಕಿತೆಂದೇ ಭಾವಿಸಬಹುದು. ಮಳೆ ಬಂದ ರಾತ್ರಿಗಳಲ್ಲಿ ಮಾತ್ರ ಕಾರು ಕೂಗಿತ್ತು. ಬಾನೆಟ್ಟಿನ ಸ್ವಿಚ್ಚಿನಲ್ಲಿ ಹಸಿರು ಕಿಲುಬು. ಹೊಸದನ್ನು ಹಾಕಿಸಿದನು. ಹತ್ತು ರಾತ್ರಿ ಸುಮ್ಮನಿತ್ತು. ಆಮೇಲೆ ಒಂದು ಸಂಜೆ ಅವನು ಮನೆಮನೆಗೂ ಹೋಗಿ ವಿಷಯವನ್ನು ತಿಳಿಸಿದನು. ಮೊದಲ ರಾತ್ರಿ ದೊಣ್ಣೆ ಹಿಡಿದು ಬಂದಿದ್ದ ಹಿರಿಯರೊಬ್ಬರು ಜಗಲಿಯ ಮೇಲೆ ಕುಳಿತು ಎಲ್ಲವನ್ನೂ ಕೇಳಿ, “ಹಾಗಾದರೆ ಇನ್ನು ಮೇಲೆ ಅದು ಕೂಗಿದರೆ ಎದ್ದು ಬರಬೇಕೆನ್ನುತ್ತೀಯೇನಪ್ಪ?” ಎಂದರು.

“ಬರಬೇಕು ರಾಯರೆ.”

ರಾಯರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. “ನೋಡೋಣ” ಎಂದರು.